ಓದುಗರ ಪ್ರಶ್ನೆ: ಗಿರಿಜಾ ಯಾಕೆ ಸುಳ್ಳು ಹೇಳಲ್ಲ?

ಪ್ರಶ್ನೆ: ಮೇಡಂ, ನನಗೆ 53 ವರ್ಷ. ಹೈಸ್ಕೂಲ್ ಟೀಚರ್. ಒಂದು ಕಾದಂಬರಿ ಬರೆದಿದ್ದೇನೆ. ಮೊದಲ ಆರು ಅಧ್ಯಾಯ ಇದರ ಜೊತೆ ಇಟ್ಟಿದ್ದೇನೆ. ಕಥೆ ನಡೆಯುವುದು 2024ರಲ್ಲಿ, ದಾವಣಗೆರೆಯಲ್ಲಿ. ನಾಯಕಿ ಗಿರಿಜಾ, 52 ವರ್ಷ. ಅಪ್ಪ ಕಾಟನ್ ಮಿಲ್ಲಿನಲ್ಲಿ ಮಗ್ಗದ ಕೆಲಸ ಮಾಡಿ 1998ರಲ್ಲಿ ನಿವೃತ್ತರಾದವರು. ಅಮ್ಮನಿಗೆ ಮರೆವಿನ ಕಾಯಿಲೆ. ಇಬ್ಬರೂ ಅವಳ ಮನೆಯಲ್ಲೇ ಇದ್ದಾರೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆ. ಚಿತ್ರದುರ್ಗದಲ್ಲಿರುವ ಅಣ್ಣ ಇತ್ತ ತಿರುಗಿಯೂ ನೋಡಲ್ಲ. ಓದಿದ ಗೆಳತಿ, "ಅಳು ಬಂತು ಕಣೇ, ಆದ್ರೆ ನಡುನಡುವೆ ಬೋರಾಯ್ತು" ಅಂದಳು. ಎಲ್ಲಿ ಎಡವಿದ್ದೇನೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಗೆಳತಿ ಸರಿಯಾಗೇ ಹೇಳಿದ್ದಾರೆ. ಆರು ಅಧ್ಯಾಯದಲ್ಲಿ ಗಿರಿಜಾ ಅಪ್ಪನಿಗೆ ಮಾತ್ರೆ ಕೊಡುತ್ತಾಳೆ, ಅಮ್ಮನಿಗೆ ಸ್ನಾನ ಮಾಡಿಸುತ್ತಾಳೆ, ಮಗಳಿಗೆ ಸಮಾಧಾನ ಹೇಳುತ್ತಾಳೆ, ಆಮೇಲೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಯಾರ ಮೇಲೂ ರೇಗಲ್ಲ. ಒಂದೇ ಒಂದು ಕಡೆ ಬಿಟ್ಟರೆ ಸುಳ್ಳೂ ಹೇಳಲ್ಲ. ಇಂಥವಳನ್ನು ಕಂಡರೆ ಪಾಪ ಅನ್ನಿಸುತ್ತೆ, ನಿಜ. ಮುಂದೇನು ಮಾಡ್ತಾಳೋ ಅನ್ನೋ ಕುತೂಹಲ ಮಾತ್ರ ಹುಟ್ಟಲ್ಲ.

ನನಗೆ ಬೇಕಾಗಿರುವುದು ಆ ಒಂದು ಕಡೆ. ಮೂರನೇ ಅಧ್ಯಾಯದ ಕೊನೆ. ಮಗ್ಗದ ಸದ್ದಿನಲ್ಲಿ ಬದುಕು ಕಳೆದ ಅಪ್ಪನಿಗೆ ಕಿವಿ ಮಂದ. ಮೊಮ್ಮಗ ಫೋನ್ ಮಾಡಿದರೆ ಕೇಳಿಸಲ್ಲ. ಗಿರಿಜಾ ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ಕೂಗಿ ಹೇಳಬೇಕು. ಮಗ "ದುಗ್ಗಮ್ಮನ ಜಾತ್ರೆಗೆ ಬರಕ್ಕಾಗಲ್ಲ ಅಮ್ಮ" ಅನ್ನುತ್ತಾನೆ. ಅವಳು ಅಪ್ಪನ ಕಿವಿಯ ಹತ್ತಿರ ಬಾಗಿ "ರಜಾ ಕೇಳಿದ್ದಾನಂತೆ ಅಪ್ಪಾ" ಅನ್ನುತ್ತಾಳೆ. ಅಪ್ಪ ಏನೋ ಬೈಯುತ್ತಾರೆ. ಅವಳು ಫೋನಿಗೆ "ಅಜ್ಜ ಆಶೀರ್ವಾದ ಮಾಡಿದ್ರು ಕಣೋ" ಅನ್ನುತ್ತಾಳೆ. ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಮತ್ತೆ ಮಾತ್ರೆ ಡಬ್ಬಿಗೆ ಹೋಗಿಬಿಟ್ಟಿದ್ದೀರಿ!

ನಿಮ್ಮ ಕಾದಂಬರಿ ಇರುವುದೇ ಅಲ್ಲಿ. ಹೆತ್ತವರಿಗೂ ಮಕ್ಕಳಿಗೂ ನಡುವೆ ಇರುವವಳು ಬರೀ ನಲುಗುವವಳಲ್ಲ. ಮನೆಯ ಸುದ್ದಿಯೆಲ್ಲ ಅವಳ ಮೂಲಕವೇ ಹಾಯಬೇಕು. ಯಾರಿಗೆ ಎಷ್ಟು ಹೇಳಬೇಕು, ಯಾವತ್ತು ಹೇಳಬೇಕು ಅಂತ ತೀರ್ಮಾನ ಮಾಡುವವಳು ಅವಳು. ಆ ಅಧಿಕಾರ ಅವಳಿಗೆ ಒಳಗೊಳಗೇ ಇಷ್ಟವೂ ಇರಬಹುದು, ಅಲ್ವಾ? ಮಗಳ ಪ್ರೀತಿಯ ವಿಷಯ ಅಜ್ಜನಿಗೆ ತಿಳಿಯದ ಹಾಗೆ ಅವಳು ತಡೆದಿರುವುದು ಅಪ್ಪನ ಆರೋಗ್ಯಕ್ಕೋಸ್ಕರವೋ, ಅಥವಾ ಅವಳಿಗೇ ಆ ಮದುವೆ ಬೇಡವೋ? ಅಪ್ಪನ ಕಿವಿಯ ನೆಪ ಇರುವವರೆಗೆ ಅವಳು ಉತ್ತರ ಕೊಡಬೇಕಾಗಿಲ್ಲ. ಅಪ್ಪನಿಗೆ ಕಿವಿಯ ಮಷೀನ್ ಹಾಕಿಸಿ ನೋಡಿ. ಮನೆಯಲ್ಲಿ ಏನೇನಾಗುತ್ತೆ ಅಂತ ನಿಮಗೇ ಆಶ್ಚರ್ಯವಾಗುತ್ತೆ.

ಇನ್ನು ದುಡ್ಡು. ಅಪ್ಪ ತಮ್ಮ ಪೆನ್ಶನ್‌ನಲ್ಲೇ ಔಷಧಿ ಖರ್ಚು ನೋಡಿಕೊಳ್ಳುತ್ತಾರೆ ಅಂತ ಬರೆದಿದ್ದೀರಿ. ಪಿ.ಎಫ್. ಪೆನ್ಶನ್‌ಗೆ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ನಿಮ್ಮ ಕಥೆಯ 2024ರಲ್ಲೂ ಅಷ್ಟೇ. 1998ರಲ್ಲಿ ಮಿಲ್ ಬಿಟ್ಟ ಕಾರ್ಮಿಕರಿಗೆ ದೊಡ್ಡ ಮೊತ್ತವೇನೂ ಬರಲ್ಲ. ಬಿ.ಪಿ., ಸಕ್ಕರೆ, ಅಮ್ಮನ ಮರೆವಿನ ಮಾತ್ರೆ, ಡೈಪರ್ ಎಲ್ಲ ಅದರಲ್ಲಿ ಹೇಗಾಗುತ್ತೆ? ಬಾಕಿ ಯಾರು ಕೊಡುತ್ತಾರೆ? ಮಗ ಕಳಿಸುತ್ತಾನಾ? ಕಳಿಸಿದ್ದು ಅಪ್ಪನಿಗೆ ಗೊತ್ತಾ? ಅಳುವ ಮೂರು ದೃಶ್ಯ ತೆಗೆದು, ಗಿರಿಜಾಳ ಖರ್ಚಿನ ಪುಸ್ತಕದ ಒಂದು ಪುಟ ಹಾಕಿ. ಅಂದಹಾಗೆ, ಅವಳ ಗಂಡ ಆರು ಅಧ್ಯಾಯವೂ ಪೇಪರ್ ಓದುತ್ತಾ ಕೂತಿದ್ದಾನೆ. ಅಷ್ಟು ಹೊತ್ತು ಓದುವಂಥದ್ದು ಯಾವ ಪೇಪರಿನಲ್ಲಿ ಬರುತ್ತೋ!

ಐದನೇ ಅಧ್ಯಾಯದಲ್ಲಿ 2003ರ ನೆನಪು ಬರುತ್ತದೆ. ಜಗಳೂರು ಕಡೆಯ ಹೊಲಕ್ಕೆ ಅಣ್ಣ ಹಕ್ಕು ಬಿಡುಗಡೆ ಪತ್ರ ಮಾಡಿಸುತ್ತಾನೆ. ಗಿರಿಜಾ, ತಂಗಿ ಸುಮಾ ಇಬ್ಬರೂ "ಸಂತೋಷದಿಂದ" ಸಹಿ ಹಾಕುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಕ್ಕೆ ಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಕೊಡಲಿಲ್ಲ. ನಿಮ್ಮ ಗಿರಿಜಾಳ ಮದುವೆ 1993ರಲ್ಲಿ, ಸುಮಾಳದ್ದು 1996ರಲ್ಲಿ. ಅಂದರೆ 2003ರಲ್ಲಿ ಭಾಗವಾಗದ ಆ ಹೊಲದಲ್ಲಿ ತಂಗಿಗೆ ಪಾಲಿತ್ತು, ಅಕ್ಕನಿಗೆ ಇರಲಿಲ್ಲ! ಕೇಂದ್ರದ ಕಾನೂನು ತಿದ್ದುಪಡಿಯಾಗಿ ಮದುವೆಯಾದ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದ್ದು 2005ರಲ್ಲಿ. ಅಪ್ಪ ಅಮ್ಮನನ್ನು ನೋಡಿಕೊಳ್ಳುವವಳು ಅಕ್ಕ, ಆವತ್ತು ಕಳೆದುಕೊಳ್ಳುವುದಕ್ಕೆ ಏನಾದರೂ ಇದ್ದವಳು ತಂಗಿ. "ನಾನು ಬಿಟ್ಟುಕೊಟ್ಟೆ" ಅಂತ ಗಿರಿಜಾ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾಳೆ. ಸುಮಾ ಒಂದು ದಿನ ವಕೀಲರ ಹತ್ತಿರ ಕೇಳಿಕೊಂಡು ಬಂದು ಇದನ್ನು ಊಟದ ಹೊತ್ತಿನಲ್ಲಿ ಎತ್ತಿದರೆ? ಜಾತ್ರೆಯ ಊಟದಲ್ಲೇ ಎತ್ತಲಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, 2024ರಲ್ಲಿ ನಡೆದಿದೆ, ಅಣ್ಣನೂ ಬಂದಿರುತ್ತಾನೆ. ದಾವಣಗೆರೆಯ ಮನೆ ಮಾತ್ರ ಅಪ್ಪನ ಸ್ವಂತ ದುಡಿಮೆಯದು, ಯಾರಿಗೆ ಬೇಕಾದರೂ ಬರೆದುಕೊಡಬಹುದು. ಆ ಮನೆಯ ಮಾತನ್ನು ನಿಮ್ಮ ಕಥೆಯಲ್ಲಿ ಯಾರೂ ಎತ್ತೇ ಇಲ್ಲ. ಎಲ್ಲರ ತಲೆಯಲ್ಲೂ ಅದೇ ಇರುತ್ತೆ, ನೋಡಿ ಬೇಕಾದರೆ.

ಎರಡು ಸಣ್ಣ ತಿದ್ದುಪಡಿ. ಗಿರಿಜಾಳ ಮದುವೆಯ ಕಾಲದಲ್ಲಿ ದಾವಣಗೆರೆಯಲ್ಲಿ "ಜಿಲ್ಲಾಧಿಕಾರಿ ಕಚೇರಿ" ಬರುತ್ತದೆ. ನಮ್ಮದು ಜಿಲ್ಲೆಯಾಗಿದ್ದು 1997ರಲ್ಲಿ. ಅಲ್ಲಿಯವರೆಗೆ ಡಿ.ಸಿ. ಆಫೀಸಿನ ಕೆಲಸ ಅಂದರೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಎರಡನೆಯದು, ಆರು ಅಧ್ಯಾಯದಲ್ಲಿ ಬೆಣ್ಣೆ ದೋಸೆ ನಾಲ್ಕು ಸಲ ಬಂದಿದೆ. ನಾವು ಅಷ್ಟು ಸಲ ತಿನ್ನಲ್ಲ. ಎರಡನ್ನು ಮಂಡಕ್ಕಿ ಮಿರ್ಚಿ ಮಾಡಿ.

ಪ್ರಶ್ನೆ: ನನ್ನ ಅತ್ತೆಯನ್ನೇ ಪಾತ್ರ ಮಾಡಿ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ. ಸಾಕಾ?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಸಾಲಲ್ಲ. ನಿಮ್ಮ ಓಣಿಯವರು ಮೊದಲ ಪುಟದಲ್ಲೇ ಗುರುತು ಹಿಡಿಯುತ್ತಾರೆ. ಊರು, ವಯಸ್ಸು, ಕಾಯಿಲೆ ಬದಲಿಸಿ. ಸೊಸೆಯನ್ನೂ ಬದಲಿಸಿ, ಯಾಕಂದರೆ ನಿಮ್ಮ ಪತ್ರದಲ್ಲಿ ಸೊಸೆ ಮಾತ್ರ ಬಹಳ ಒಳ್ಳೆಯವಳಾಗಿದ್ದಾಳೆ. ಅತ್ತೆಯ ಸಿಟ್ಟು, ಜಿಪುಣತನ ಬರೆಯಿರಿ, ತೊಂದರೆಯಿಲ್ಲ. ಆದರೆ ಹಾಸಿಗೆ ಹಿಡಿದವರ ಮೈ ಒರೆಸುವಾಗ ಕಂಡದ್ದು, ಕೇಳಿದ್ದು ಅವರದ್ದು. ಅವರು ಬದುಕಿರುವಾಗ ಅದನ್ನು ಅಚ್ಚು ಹಾಕಿಸಬೇಡಿ.

ಪ್ರಶ್ನೆ: ಈ ಥರದ ಕಥೆಗಳಲ್ಲಿ ಯಾವಾಗಲೂ ಹೆಂಗಸರೇ ಯಾಕೆ? ನನಗೆ 55. ನಮ್ಮದು ಎಣ್ಣೆ ಮಿಲ್. ಗಲ್ಲಾಪೆಟ್ಟಿಗೆಯ ಬೀಗದ ಕೈ ಇನ್ನೂ 82 ವರ್ಷದ ಅಪ್ಪನ ಹತ್ತಿರವೇ ಇದೆ. ಮಗ ಮಿಲ್ ಮಾರಿಬಿಡಿ ಅನ್ನುತ್ತಾನೆ. ನಾನು ಇಬ್ಬರಿಗೂ ಹೂಂ ಅನ್ನುತ್ತೇನೆ.
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ನಿಮ್ಮ ಐದು ಸಾಲಿನಲ್ಲಿ ಇರುವಷ್ಟು ಕಥೆ ನನಗೆ ಬರುವ ಎಷ್ಟೋ ಹಸ್ತಪ್ರತಿಗಳಲ್ಲಿ ಇರಲ್ಲ. ನೀವೇ ಬರೆಯಿರಿ. ಶೇಂಗಾ ಲೋಡ್ ಬಂದ ದಿನದಿಂದ ಶುರು ಮಾಡಿ, ತೂಕ, ರೇಟು ಎಲ್ಲ ಇರಲಿ. ಮೂವರೂ ಮಿಲ್ಲಿನಲ್ಲೇ ಇರಲಿ, ಅಪ್ಪ ಗಲ್ಲಾದ ಹತ್ತಿರ, ಮಗ ಮೊಬೈಲ್ ಹಿಡಿದು ಬಾಗಿಲಲ್ಲಿ. ಹತ್ತು ಪುಟ ಆದ ಮೇಲೆ ನನಗೆ ಕಳಿಸಿ. ಕೈಬರಹವಾದರೂ ಪರವಾಗಿಲ್ಲ, ಹಾಳೆಯ ಒಂದೇ ಬದಿಗೆ ಬರೆಯಿರಿ.