ರಂಬೂಟಾನ್ ಎಲೆಯ ತುದಿ ಸುಡುತ್ತಿರುವುದು ನೀರಿನಿಂದ, ಚಳಿಯಿಂದಲ್ಲ

ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಡ್ರಮ್ಮಿನಲ್ಲಿಟ್ಟಿರುವ ರಂಬೂಟಾನ್ ಗಿಡದ ಚಿತ್ರವನ್ನು ನಮ್ಮ ಕೈತೋಟದ ಗುಂಪಿನಲ್ಲಿ ಹಾಕಿ, ಎಲೆಯ ತುದಿ ಏಕೆ ಒಣಗುತ್ತಿದೆ ಎಂದು ಕೇಳಿರುವ ಮೇಡಂ ಅವರಿಗೆ ಈ ಉತ್ತರ. ನೀರು ಹೆಚ್ಚಿಸಿ, 19:19:19 ರಸಗೊಬ್ಬರ ಕೊಡಿ, ಎಪ್ಸಮ್ ಸಾಲ್ಟ್ ಹಾಕಿ ಎಂದು ಈಗಾಗಲೇ ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು; ಆದರೆ ಆ ಮೂರರಲ್ಲಿ ಯಾವುದನ್ನೂ ಸದ್ಯಕ್ಕೆ ಮಾಡಬೇಡಿ. ಬೇನೆಯೇ ಉಪ್ಪಿನದಾಗಿರುವಾಗ ಇನ್ನೆರಡು ಬಗೆಯ ಉಪ್ಪು ಸುರಿದರೆ ಗಿಡ ಉಳಿಯುವುದಿಲ್ಲ.

ನನ್ನನ್ನು ಬರೆಯುವಂತೆ ಮಾಡಿದ್ದು ನಿಮ್ಮ ಒಂದು ವಾಕ್ಯ: "ನಮ್ಮಲ್ಲಿ ಸಾಫ್ಟ್‌ನರ್ ಇರುವುದರಿಂದ ನೀರಿನ ತೊಂದರೆಯಿಲ್ಲ." ಇದೇ ನಂಬಿಕೆಯಲ್ಲಿ ನಾನೊಂದು ಮ್ಯಾಂಗೋಸ್ಟೀನ್ ಸಸಿಯನ್ನು ಕಳೆದುಕೊಂಡಿದ್ದೇನೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಸಾಫ್ಟ್‌ನರ್ ಹಿಡಿದಿಟ್ಟುಕೊಂಡು, ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಅದಕ್ಕೆ ಆಗಾಗ ಮೂಟೆಗಟ್ಟಲೆ ಉಪ್ಪು ಸುರಿಯುವುದು ಅದಕ್ಕಾಗಿಯೇ. ಗೀಸರಿನಲ್ಲಿ ಬಿಳಿ ಪದರ ಕಟ್ಟುವುದಿಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಹಾಗಾಗಿ ನೀರು ಶುದ್ಧವಾಯಿತೆಂದು ನಾವು ತಿಳಿಯುತ್ತೇವೆ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಸಾಫ್ಟ್‌ನರಿಗೆ ಮೊದಲೂ ನಂತರವೂ ಅಂಕಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಗಿಡದ ಮಟ್ಟಿಗೆ ಆ ಗಡಸು ನೀರೇ ಇದಕ್ಕಿಂತ ವಾಸಿ, ಏಕೆಂದರೆ ಕ್ಯಾಲ್ಸಿಯಂ ಗಿಡಕ್ಕೆ ಬೇಕಾದದ್ದು, ಸೋಡಿಯಂ ಬೇಡದ್ದು. ಜೊತೆಗೆ ಸೋಡಿಯಂ ಸೇರಿದ ಕೆಮ್ಮಣ್ಣು ಗಾಳಿಯಾಡದಂತೆ ಗಟ್ಟಿಯಾಗುತ್ತದೆ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು "ವ್ಯರ್ಥ ಮಾಡಬಾರದು" ಎಂದು ಕುಂಡಗಳಿಗೆ ಹಾಕುವವರೂ ಈ ಗುಂಪಿನಲ್ಲಿದ್ದಾರೆ. ಆ ನೀರಿನಿಂದ ನೆಲ ಒರೆಸಿ, ಶೌಚಾಲಯಕ್ಕೆ ಬಳಸಿ, ಗಿಡಕ್ಕೆ ಮಾತ್ರ ಬೇಡ. ಅದರಲ್ಲಿರುವುದು ಮೂಲ ನೀರಿನ ಉಪ್ಪೇ, ಇನ್ನಷ್ಟು ಸಾಂದ್ರವಾಗಿ.

ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕೆಳಗಿನ ಹಳೆಯ ಎಲೆಗಳಲ್ಲೇ ಕಂದು ಹೆಚ್ಚಾಗಿದೆ, ಅದು ತುದಿಯಿಂದ ಆರಂಭವಾಗಿ ಅಂಚಿನುದ್ದಕ್ಕೂ ಹಿಂದಕ್ಕೆ ಸರಿದಿದೆ, ಕಂದು ಮತ್ತು ಹಸಿರಿನ ನಡುವೆ ತೆಳುವಾದ ಹಳದಿ ಗೆರೆಯಿದೆ, ಡ್ರಮ್ಮಿನ ಒಳಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ. ಇವೆಲ್ಲ ಉಪ್ಪಿನ ಲಕ್ಷಣಗಳು. ಬಿಸಿಲಿನ ಸುಡುವಿಕೆಯಾಗಿದ್ದರೆ ಬಿಸಿಲಿಗೆ ಮುಖಮಾಡಿದ ಎಲೆಗಳ ನಡುವೆಯೇ ತೇಪೆ ಹಾಕಿದಂತೆ ಕಾಣಿಸುತ್ತಿತ್ತು. ಕಬ್ಬಿಣದ ಕೊರತೆಯಾಗಿದ್ದರೆ ಹೊಸ ಚಿಗುರು ಹಳದಿಯಾಗಿ ನರಗಳು ಮಾತ್ರ ಹಸಿರಾಗಿರುತ್ತಿದ್ದವು. ಮುಂದೆ ಅದೂ ಬರಬಹುದು, ಏಕೆಂದರೆ ನಮ್ಮ ಕೊಳವೆಬಾವಿ ನೀರು ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಆಗ ಅಂಗಡಿಯವರು ಕೊಡುವ ಇಡಿಟಿಎ ಎಂಬ ಅಗ್ಗದ ಬಗೆಯ ಕಬ್ಬಿಣದ ಗೊಬ್ಬರವನ್ನು ಮಣ್ಣಿಗೆ ಹಾಕಿ ಹಣ ಕಳೆಯಬೇಡಿ, ಕ್ಷಾರದ ಮಣ್ಣಿನಲ್ಲಿ ಅದು ಗಿಡಕ್ಕೆ ಸಿಗುವಂತೆ ಉಳಿಯುವುದಿಲ್ಲ. ಬೆಲೆ ಹೆಚ್ಚಾದರೂ ಇಡಿಡಿಎಚ್‌ಎ ಎಂದು ಬರೆದಿರುವ ಕೆಂಪು ಪುಡಿಯನ್ನೇ ಕೇಳಿ.

ಚಳಿಯ ದೇಶದ ಗಿಡವಲ್ಲ, ಬೆಂಗಳೂರಿನಲ್ಲಿ ಬರುವುದಿಲ್ಲ ಎಂದು ಒಬ್ಬರು ತೀರ್ಪು ಕೊಟ್ಟಿದ್ದಾರೆ. ಈ ಊರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಕೂರ್ಗ್ ಅರುಣ್ ಎಂಬ ರಂಬೂಟಾನ್ ತಳಿಯನ್ನು ರೂಪಿಸಿದ್ದು ಕೊಡಗಿನ ಚೆಟ್ಟಳ್ಳಿ ಕೇಂದ್ರದಲ್ಲಿ, ಅದೇನೂ ಕರಾವಳಿಯಲ್ಲ. ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಮಳೆಯದು ಮತ್ತು ಗಾಳಿಯ ತೇವದ್ದು. ಡಿಸೆಂಬರ್–ಜನವರಿಯಲ್ಲಿ ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿದರೆ ಚಳಿಗಾಲ ದಾಟುತ್ತದೆ. ಗಿಡವನ್ನು ಕೊಲ್ಲುವುದು ಮಾರ್ಚ್–ಏಪ್ರಿಲ್‌ನ ಒಣ ಮಧ್ಯಾಹ್ನ. ಒಣ ಗಾಳಿಗೆ ಎಲೆ ಹೆಚ್ಚು ನೀರೆಳೆಯುತ್ತದೆ, ನೀರಿನೊಂದಿಗೆ ಉಪ್ಪು ಏರುತ್ತದೆ, ನೀರು ಆವಿಯಾಗಿ ಉಪ್ಪು ಎಲೆಯ ತುದಿಯಲ್ಲಿ ಉಳಿಯುತ್ತದೆ.

ಆದ್ದರಿಂದ ಮೊದಲು ಉಪ್ಪನ್ನು ತೊಳೆಯಿರಿ. ಡ್ರಮ್ಮಿನ ತಳದ ರಂಧ್ರಗಳು ತೆರೆದಿವೆಯೇ ಎಂದು ಕಡ್ಡಿ ಹಾಕಿ ನೋಡಿ, ಅದನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಮಣ್ಣಿನ ಅಳತೆಯ ಎರಡರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ, ನಡುನಡುವೆ ಬಿಡುವು ಕೊಟ್ಟು ಹಾಯಿಸಿ. ಆರಂಭದಲ್ಲಿ ಕೆಳಗೆ ಇಳಿದ ನೀರನ್ನೂ ಕೊನೆಯಲ್ಲಿ ಇಳಿದದ್ದನ್ನೂ ಬೇರೆ ಬೇರೆ ಲೋಟದಲ್ಲಿ ಹಿಡಿದು ಟಿಡಿಎಸ್ ಮೀಟರಿನಿಂದ ಅಳೆದರೆ ಎಷ್ಟು ಉಪ್ಪು ಹೊರಬಂತೆಂದು ನಿಮಗೇ ತಿಳಿಯುತ್ತದೆ. ಒಳ್ಳೆಯ ನೀರೆಂದರೆ ಮಳೆ ನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತು ಚದರ ಮೀಟರಿನ ಸಜ್ಜೆಯಿಂದ ಹತ್ತು ಮಿಲಿಮೀಟರಿನ ಒಂದು ಏಪ್ರಿಲ್ ಮಳೆಗೆ ಸುಮಾರು ನೂರು ಲೀಟರ್ ಸಿಗುತ್ತದೆ. ಮೊದಲ ಮಳೆಯ ಧೂಳಿನ ನೀರನ್ನು ಚೆಲ್ಲಿ, ನಂತರದ್ದನ್ನು ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿದ ಡ್ರಮ್ಮಿನಲ್ಲಿಡಿ. ಟಿಡಿಎಸ್ ಮೀಟರಿನಲ್ಲಿ 300 ದಾಟಿದ ನೀರನ್ನು ನಾನು ಇಂಥ ಗಿಡಗಳಿಗೆ ಹಾಕುವುದಿಲ್ಲ. ಮಳೆ ನೀರು ಮುಗಿದಾಗ ಕಾವೇರಿ ನೀರು ಪರವಾಗಿಲ್ಲ, ಆದರೆ ಅದನ್ನು ನೆಚ್ಚಿ ಕೂರಬೇಡಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಎರಡೂ ಇಲ್ಲದಿದ್ದರೆ ನಿಮ್ಮ ಕಟ್ಟಡದ ಪ್ಲಂಬರನ್ನು ಕೇಳಿ, ಸಾಫ್ಟ್‌ನರಿಗೆ ಮೊದಲಿನ ನಲ್ಲಿಯಿಂದ ನೀರು ಪಡೆಯಿರಿ. ನಿಂಬೆರಸ ಅಥವಾ ವಿನೆಗರ್ ಬೆರೆಸಿದರೆ ಸರಿಹೋಗುತ್ತದೆ ಎನ್ನುವವರ ಮಾತು ಅರ್ಧ ಮಾತ್ರ ಸತ್ಯ. ಕ್ಷಾರ ತಗ್ಗುತ್ತದೆ, ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ.

ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಬಗ್ಗೆಯೂ ಎಚ್ಚರ. ಸರಿಯಾಗಿ ತೊಳೆಯದೆ ಒತ್ತಿ ಮಾಡಿದ ಅದರ ಇಟ್ಟಿಗೆಗಳಲ್ಲಿ ಬೇಕಾದಷ್ಟು ಉಪ್ಪಿರುತ್ತದೆ. "ಲೋ ಇಸಿ" (ಉಪ್ಪು ಕಡಿಮೆ) ಎಂದು ಮುದ್ರಿಸಿದ್ದರೂ ನಾನು ನೆನೆಸಿ, ಹಿಂಡಿ, ಮತ್ತೆ ನೆನೆಸಿಯೇ ಬಳಸುತ್ತೇನೆ, ಮುದ್ರಣಕ್ಕೆ ಖರ್ಚಿಲ್ಲ.

ತಾರಸಿಯ ಸಿಮೆಂಟ್ ಕೆಳಗಿನಿಂದಲೂ ಬಿಸಿ ಎರಚುತ್ತದೆ, ಹೀಗಾಗಿ ಗಿಡವನ್ನು ಪೂರ್ವದ ಗೋಡೆಯ ಬಳಿಗೆ ಸರಿಸಿ, 50 ಶೇಕಡಾ ನೆರಳಿನ ಹಸಿರು ನೆಟ್ ಕಟ್ಟಿ. 90ರ ನೆಟ್ ಕಾರು ನಿಲ್ಲಿಸುವ ಜಾಗಕ್ಕೆ ಸರಿ. ಬುಡಕ್ಕೆ ಒಣ ಎಲೆಯನ್ನು ಒಂದು ಗೇಣು ಹಾಸಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಡಿ. ನಮ್ಮ ಬೀದಿಗಳಲ್ಲಿ ಫೆಬ್ರವರಿಯಲ್ಲಿ ಗುಡ್ಡೆ ಹಾಕಿ ಸುಡುವ ಎಲೆಯೇ ಸಾಕು, ಅದನ್ನು ಆನ್‌ಲೈನಿನಲ್ಲಿ ಕೊಳ್ಳುವವರನ್ನು ಕಂಡರೆ ನನಗೆ ಅಚ್ಚರಿಯಾಗುತ್ತದೆ. ಗಡಸು ನೀರನ್ನು ಎಲೆಗಳಿಗೆ ಸಿಂಪಡಿಸಬೇಡಿ, ಬದಲಿಗೆ ಕುಂಡಗಳನ್ನು ಒತ್ತಾಗಿ ಇಟ್ಟು ನಡುವಿನ ಇಟ್ಟಿಗೆಗಳನ್ನು ತೋಯಿಸಿ. ಹೊಸ ಚಿಗುರು ಬಲಿಯುವವರೆಗೆ ಗೊಬ್ಬರ ಬೇಡ. ನಂತರವೂ ಎರೆಗೊಬ್ಬರ ಮತ್ತು ಸ್ವಲ್ಪ ಬೇವಿನ ಹಿಂಡಿಯಿಂದ ಆರಂಭಿಸಿ. ಕುಂಡ ಬದಲಿಸುವುದಿದ್ದರೆ ಜೂನ್ ಮಳೆ ಹಿಡಿಯುವವರೆಗೆ ಕಾಯಿರಿ. ಬೆಣ್ಣೆಹಣ್ಣಿನ ಗಿಡಕ್ಕೂ ಇದೇ ಬಾಧೆ ಎಂದು ಬರೆದಿರುವವರಿಗೂ ಈ ಮಾತೆಲ್ಲ ಅನ್ವಯಿಸುತ್ತದೆ, ಅದೂ ಉಪ್ಪು ತಾಳದ ಗಿಡ.

ಕೊನೆಯದಾಗಿ, ಗಿಡದ ಬುಡದಲ್ಲಿ ಕಸಿಯ ಗಂಟು ಇದೆಯೇ ಎಂದು ಹತ್ತಿರದಿಂದ ಒಂದು ಚಿತ್ರ ಹಾಕಿ. ಮ್ಯಾಂಗೋಸ್ಟೀನ್ ಬೀಜದಿಂದ ಬಂದರೂ ತಾಯಿಯಂತೆಯೇ ಇರುತ್ತದೆ. ರಂಬೂಟಾನ್ ಹಾಗಲ್ಲ, ಬೀಜದ ಗಿಡ ಗಂಡಾಗಿಬಿಟ್ಟರೆ ವರ್ಷಗಟ್ಟಲೆ ಸಾಕಿದರೂ ಒಂದು ಹಣ್ಣೂ ಬಿಡುವುದಿಲ್ಲ. ಗಂಟು ಇಲ್ಲದಿದ್ದರೆ ಅಷ್ಟು ದೊಡ್ಡ ಡ್ರಮ್ಮನ್ನು ಅದಕ್ಕೆ ಬಿಟ್ಟುಕೊಡಬೇಕೇ ಎಂಬುದನ್ನು ಜೂನ್‌ಗೆ ಮೊದಲು ತೀರ್ಮಾನಿಸಿಕೊಳ್ಳಿ.