ದಂಡ ಕಟ್ಟಿ ಕೈತೊಳ್ಕೋಬೇಡಿ, ಮೊದ್ಲು ಓಪಿ ಚೀಟಿ ಮಾಡಿಸಿ

ಮೈಸೂರಲ್ಲಿ ಓದೋ ತಮ್ಮನ ಮೇಲೆ ಗಾಂಜಾ ಸೇದಿದ ಕೇಸು ಬಿದ್ದಿದೆ, ಜೈಲಿನ ಬದ್ಲು ಚಿಕಿತ್ಸೆ ಕೊಡೋ ಕಾನೂನು ಯಾವಾಗ ಬರುತ್ತೆ, ಅಲ್ಲೀವರೆಗೆ ದಂಡ ಕಟ್ಟಿ ಮುಗಿಸೋದೇ ವಾಸಿನಾ ಅಂತ ಕೇಳಿದ್ದೀರಿ. ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನ ಮಗನ ಕೇಸು ಮನೆಯವರೆಲ್ಲ ಸೇರಿ ಹಂಗೇ ಮುಗಿಸಿದ್ರು.

ಇದು ಹೆಲ್ಮೆಟ್ ಫೈನ್ ಅಲ್ಲ ಕಣ್ರೀ. ಕೋರ್ಟಲ್ಲಿ ‘ತಪ್ಪಾಯ್ತು ಸ್ವಾಮಿ’ ಅಂದ್ರೆ ಅದು ತಪ್ಪೊಪ್ಪಿಗೆ. ದಂಡದ ರಸೀದಿ ಜೊತೆಗೆ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ 27ನೇ ಸೆಕ್ಷನ್ ಕೆಳಗೆ ಅಪರಾಧಿ ಅನ್ನೋ ತೀರ್ಪೂ ಬರುತ್ತೆ. ಗಾಂಜಾ ಸೇವನೆಗೆ ಹೆಚ್ಚಂದ್ರೆ 6 ತಿಂಗಳು ಜೈಲು, ಇಲ್ಲಾ 10,000 ರೂಪಾಯಿ ದಂಡ, ಇಲ್ಲಾ ಎರಡೂ. ದುಡ್ಡು ಚಿಲ್ಲರೆ. ಆದ್ರೆ ಕೆಲಸದ ವೆರಿಫಿಕೇಶನ್ ಫಾರಂನಲ್ಲಿ ‘ಹಿಂದೆ ಶಿಕ್ಷೆಯಾಗಿದೆಯೇ’ ಅನ್ನೋ ಸಾಲಿಗೆ ‘ಹೌದು’ ಅಂತ ಬರೀಬೇಕು; ನಮ್ಮ ಹುಡುಗ ತಗಲಾಕ್ಕೊಂಡಿದ್ದು ಅಲ್ಲೇ. ವಕೀಲರು ‘ಇವತ್ತೇ ಮುಗಿಯುತ್ತೆ’ ಅಂದ್ರು, ದೊಡ್ಡಪ್ಪ ‘ಊರಿಗೆ ಗೊತ್ತಾಗೋ ಮುಂಚೆ ಮುಗಿಸ್ರೋ’ ಅಂದ್ರು. 64ಎ ಸೆಕ್ಷನ್ ಅಂತ ಒಂದಿದೆ ಅಂತ ಯಾರೂ ಬಾಯಿಬಿಡ್ಲಿಲ್ಲ. ತೀರ್ಪಾದ್ಮೇಲೆ ಅದರಿಂದ ಉಪಯೋಗ ಇಲ್ಲ.

ಹಂಗಾಗಿ ‘ಕಾನೂನು ಯಾವಾಗ ಬರುತ್ತೆ’ ಅನ್ನೋ ಪ್ರಶ್ನೆಯೇ ತಪ್ಪು. ಅರ್ಧ ಕಾನೂನು ಆಗ್ಲೇ ಇದೆ. 27ನೇ ಸೆಕ್ಷನ್ನೋ ಸಣ್ಣ ಪ್ರಮಾಣದ ಕೇಸೋ ಇರೋ ವ್ಯಸನಿ ತಾನಾಗೇ ಮುಂದೆ ಬಂದು, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸೋ ಇಲ್ಲಾ ಮಾನ್ಯ ಮಾಡಿರೋ ಕಡೆ ಚಿಕಿತ್ಸೆ ತಗೊಂಡ್ರೆ 64ಎ ಪ್ರಕಾರ ವಿಚಾರಣೆಯಿಂದ ವಿನಾಯ್ತಿ. ಅರ್ಧಕ್ಕೆ ಬಿಟ್ರೆ ಆ ವಿನಾಯ್ತಿ ವಾಪಸ್ ಹೋಗಬಹುದು.

ಆದ್ದರಿಂದ ವಕೀಲರನ್ನ ನೋಡೋ ದಿನವೇ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಕರ್ಕೊಂಡು ಹೋಗಿ. ಊರು ಮಂಡ್ಯ ಕಡೆ ಆದ್ರೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಮಿಮ್ಸ್. ಓಪಿ ಚೀಟಿಯಲ್ಲಿ ಹೆಸರು, ಇನಿಷಿಯಲ್ ಎಫ್‌ಐಆರ್‌ನಲ್ಲಿ ಇರೋ ಹಂಗೇ ಇರ್ಲಿ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಅಂತ ಡಾಕ್ಟರ್ ಹತ್ರ ಇದ್ದದ್ದು ಇದ್ದಂಗೆ ಹೇಳ್ಲಿ. ನಾಚಿಕೆಗೆ ‘ಒಂದೇ ದಮ್ಮು ಎಳೆದೆ’ ಅಂದ್ರೆ ಚೀಟಿಯಲ್ಲೂ ಅದೇ ಕೂರುತ್ತೆ, ವ್ಯಸನಿ ಅಂತ ತೋರಿಸೋಕೆ ದಾಖಲೆ ಇರಲ್ಲ. ಬಿಟ್ಟ ಮೊದಲ ವಾರ ನಿದ್ದೆ ಬರಲ್ಲ, ಊಟ ಸೇರಲ್ಲ, ಮಾತೆತ್ತಿದ್ರೆ ಸಿಡುಕು. ಆಗಲೇ ಹುಡುಗ್ರು ಚಿಕಿತ್ಸೆ ಬಿಟ್ಟು ಓಡೋದು. ಗಾಂಜಾ ಚಟಕ್ಕೆ ಅಂತಲೇ ಒಪ್ಪಿತ ಮಾತ್ರೆ ಇಲ್ಲ, ಕೌನ್ಸೆಲಿಂಗೇ ಮುಖ್ಯ. ಪ್ರತಿ ಭೇಟಿಯ ಚೀಟಿ ಜೆರಾಕ್ಸ್ ಮಾಡಿಸಿ, ಅರ್ಜಿ ಜೊತೆ ಕೋರ್ಟಿಗೆ ಹಾಕಿಸಿ.

ಇನ್ನು ತಮ್ಮ ನಿಜವಾಗ್ಲೂ ಒಂದೇ ಸಲ ಸೇದಿದ್ರೆ? ನನಗೆ ಸಿಟ್ಟು ಬರೋದೇ ಇಲ್ಲಿ. ಅವನು ವ್ಯಸನಿ ಅಲ್ಲ, ಅದಕ್ಕೇ 64ಎ ಅವನಿಗಿಲ್ಲ! ದಿನಾ ಸೇದೋನಿಗೆ ಆಸ್ಪತ್ರೆ, ಒಂದಿನ ಸೇದಿದೋನಿಗೆ ಕೋರ್ಟು. ಪೋರ್ಚುಗಲ್‌ನಲ್ಲಿ 2001ರಿಂದ 10 ದಿನದ ಬಳಕೆಗಾಗೋಷ್ಟು ಮಾಲು ಇಟ್ಕೊಂಡ್ರೆ ಕ್ರಿಮಿನಲ್ ಕೇಸಿಲ್ಲ, ಒಂದು ಆಯೋಗದ ಮುಂದೆ ಹಾಜರಾಗ್ಬೇಕು ಅಷ್ಟೇ; ಚಟ ಇಲ್ಲದೆ ಮೊದಲ ಸಲ ಸಿಕ್ಕವನ ಮೇಲಿನ ಕ್ರಮ ಅಲ್ಲಿ ತಡೆಹಿಡೀತಾರೆ. ನಮ್ಮಲ್ಲಿ ತಿದ್ದಬೇಕಾದ್ದು ಇದನ್ನೇ. ಅಲ್ಲೀವರೆಗೆ ಇಂಥವರಿಗೆ ಉಳಿದಿರೋದು ಪ್ರೊಬೇಷನ್, ಅಂದ್ರೆ ಜೈಲಿಗೆ ಹಾಕದೆ ಒಳ್ಳೆ ನಡತೆ ಮೇಲೆ ಬಿಡೋದು: ಎನ್‌ಡಿಪಿಎಸ್ 33ನೇ ಸೆಕ್ಷನ್ ಉಳಿದ ಬಹುತೇಕ ಡ್ರಗ್ಸ್ ಕೇಸಿಗೆ ಅದನ್ನ ತಡೆದಿದ್ರೂ 27ಕ್ಕೆ ಅವಕಾಶ ಬಿಟ್ಟಿದೆ. ಹಂಗೆ ಬಿಡುಗಡೆಯಾದ್ರೆ ಶಿಕ್ಷೆಯಿಂದ ಬರೋ ಅನರ್ಹತೆ ತಟ್ಟಲ್ಲ ಅಂತ ಪ್ರೊಬೇಷನ್ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತೆ. ಫಾರಂನಲ್ಲಿ ಮಾತ್ರ ಮುಚ್ಚಿಡೋ ಹಂಗಿಲ್ಲ.

ಎಫ್‌ಐಆರ್ ನಕಲು ತಗೊಂಡು 27 ಒಂದೇನಾ, ಗಾಂಜಾ ಇಟ್ಕೊಂಡಿದ್ದಕ್ಕೆ ಹಾಕೋ 20(ಬಿ)ಯೂ ಸೇರಿದೆಯಾ ನೋಡಿ. ಸೇರಿದ್ರೆ ಪಂಚನಾಮೆಯಲ್ಲಿ ಬರೆದಿರೋ ತೂಕ ಓದಿ. ಗಾಂಜಾ 1 ಕೆಜಿಗಿಂತ ಕಡಿಮೆ ಇದ್ರೆ ಸಣ್ಣ ಪ್ರಮಾಣ, ವ್ಯಸನಿಗೆ ಮೇಲೆ ಹೇಳಿದ 64ಎ ನಡೆಯುತ್ತೆ; ಪ್ರೊಬೇಷನ್ ವಿನಾಯ್ತಿ ಮಾತ್ರ 20(ಬಿ)ಗಿಲ್ಲ. ಎಂಡಿಎಂಎ ಅನ್ನೋ ಸಿಂಥೆಟಿಕ್ ಡ್ರಗ್ ಆದ್ರೆ ಆ ಗಡಿ ಬರೀ ಅರ್ಧ ಗ್ರಾಂ.