ನಮ್ಮ ಬೋಲ್ಟು ಯಾವ ಖಾನೆಯಲ್ಲಿದೆ?

ಪ್ರಶ್ನೆ: ಊರು ಬೆಳಗಾವಿ ಕಡೆ, ಕೆಲಸ ಪುಣೆಯ ಭೋಸರಿಯ ನಟ್-ಬೋಲ್ಟ್ ಕಾರ್ಖಾನೆಯ ರಫ್ತು ವಿಭಾಗದಲ್ಲಿ. ಆಮದು ಸರಕಿನ ತಯಾರಿಕೆಯಲ್ಲಿ ಹೊಮ್ಮಿದ ಇಂಗಾಲಕ್ಕೆ ಯುರೋಪ್ ಹಾಕುವ ತೆರಿಗೆಯಿಂದ ನಮ್ಮ ಉಕ್ಕಿನ ರಫ್ತು ಎಷ್ಟು ಇಳಿಯುತ್ತದೆ ಎಂಬುದಕ್ಕೆ ಒಂದೊಂದು ವರದಿ ಒಂದೊಂದು ಲೆಕ್ಕ ಹೇಳುತ್ತದೆ. ಈ ಅಂಕಿಗಳು ಎಲ್ಲಿಂದ ಬರುತ್ತವೆ ಸರ್? ನಂಬಬಹುದೇ?

ಉತ್ತರ: ಇಂಥ ಹಲವು ವರದಿಗಳ ತಳಪಾಯ ಒಂದೇ: ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಶುರುವಾದ ಜಿಟ್ಯಾಪ್ (ಜಾಗತಿಕ ವ್ಯಾಪಾರ ವಿಶ್ಲೇಷಣೆ) ಯೋಜನೆಯ ದತ್ತಾಂಶ. ಯಾವ ಉದ್ಯಮ ಯಾವ ಉದ್ಯಮದಿಂದ ಎಷ್ಟು ಕೊಂಡಿತು ಎಂಬ ಕೋಷ್ಟಕವನ್ನು ದೇಶದೇಶಗಳಿಂದ ತಂದು, ವ್ಯಾಪಾರ, ಸುಂಕ, ಇಂಧನದ ಲೆಕ್ಕಗಳೊಂದಿಗೆ ಹೆಣೆಯುತ್ತಾರೆ. ಹೆಣೆಯುವುದೇ ಕಷ್ಟ. ನಾವಾ ಶೇವಾದಲ್ಲಿ ಹಡಗೇರುವಾಗ ಬರೆದ ಬೆಲೆಗೂ ರಾಟರ್‌ಡ್ಯಾಮಿನಲ್ಲಿ ಇಳಿಯುವಾಗ ಬರೆಯುವ ಬೆಲೆಗೂ ಸಾಗಣೆ, ವಿಮೆಯ ಅಂತರವಿರುತ್ತದೆ. ಮಾಲು ಜರ್ಮನಿಗೆ ಹೋದರೂ ನಮ್ಮ ದಾಖಲೆಯಲ್ಲಿ ನೆದರ್‌ಲ್ಯಾಂಡ್ಸ್ ಎಂದಿರಬಹುದು. ಎರಡೂ ಕಡೆಯ ಲೆಕ್ಕ ತಾಳೆಯಾಗುವವರೆಗೆ ತಿದ್ದಬೇಕು. ಯಾರ ಲೆಕ್ಕವನ್ನು ಎಷ್ಟು ನಂಬುವುದು ಎಂಬ ತೀರ್ಮಾನ ಮನುಷ್ಯರದ್ದೇ.

ನಿಮಗೆ ಮುಖ್ಯವಾದದ್ದು ವಲಯ ವಿಂಗಡಣೆ. ಜಿಟ್ಯಾಪ್ ದತ್ತಾಂಶದ 11ನೇ ಆವೃತ್ತಿಯಲ್ಲಿ ಇಡೀ ಅರ್ಥವ್ಯವಸ್ಥೆ 65 ವಲಯಗಳಲ್ಲಿ ಅಡಗಿದೆ. ಅದರ ಕೊನೆಯ ಮೂಲ ವರ್ಷ, ಅಂದರೆ ಅಂಕಿಗಳು ಬಿಂಬಿಸುವ ವರ್ಷ, 2017. ಕಲ್ಲಿದ್ದಲಿನ ಊದುಕುಲುಮೆಯೂ ಗುಜರಿ ಕರಗಿಸುವ ವಿದ್ಯುತ್ ಕುಲುಮೆಯೂ ‘ಕಬ್ಬಿಣ-ಉಕ್ಕು’ ಎಂಬ ಒಂದೇ ಖಾನೆಯಲ್ಲಿವೆ. ಇವೆರಡರ ಹೊಗೆಯಲ್ಲಿ ಅಗಾಧ ವ್ಯತ್ಯಾಸವಿದೆ. ನಿಮ್ಮ ಬೋಲ್ಟಂತೂ ಅಲ್ಲಿಲ್ಲವೇ ಇಲ್ಲ! ಸುಂಕದ ಪಟ್ಟಿಯಲ್ಲಿ ನಟ್-ಬೋಲ್ಟುಗಳ ಸಂಕೇತವಾದ 7318ರ ಸರಕು ಜಿಟ್ಯಾಪ್‌ನಲ್ಲಿ ಲೋಹ ಉತ್ಪನ್ನಗಳ ವಲಯಕ್ಕೆ ಸೇರುತ್ತದೆ. ಯುರೋಪಿನ ಇಂಗಾಲ ತೆರಿಗೆಯ ನಿಯಮ ಮಾತ್ರ ಅದನ್ನು ಕಬ್ಬಿಣ-ಉಕ್ಕಿನ ಪಟ್ಟಿಯಲ್ಲೇ ಇಟ್ಟಿದೆ. ಉಕ್ಕಿನ ಖಾನೆಯೊಂದಕ್ಕೇ ತೆರಿಗೆ ಹಾಕಿ ಲೆಕ್ಕ ಮಾಡಿದ ವರದಿಯಲ್ಲಿ ನಿಮ್ಮ ಕಾರ್ಖಾನೆ ಕಾಣುವುದೇ ಇಲ್ಲ.

ಹಾಗಾಗಿ ವರದಿ ತೋರಿಸುವ ದಿಕ್ಕನ್ನು ನಂಬಿ, ಶೇಕಡಾವಾರು ಅಂಕಿಗೆ ಜೋತುಬೀಳಬೇಡಿ. ಮೂಲ ವರ್ಷ, ವಲಯ ಯಾವುದೆಂದು ಹೇಳದ ವರದಿಯನ್ನು ನಾನಂತೂ ಬದಿಗಿಡುತ್ತೇನೆ.

2026ರ ಜನವರಿಯಿಂದ ಈ ತೆರಿಗೆಯ ಹೊಣೆ ಶುರುವಾಗಿದೆ. ಬೋಲ್ಟಿನ ಇಂಗಾಲದಲ್ಲಿ ದೊಡ್ಡ ಪಾಲು ನೀವು ಕೊಳ್ಳುವ ಉಕ್ಕಿನ ಸರಳಿನದು. ಇಂಗಾಲದ ನೈಜ ಲೆಕ್ಕ ಇಲ್ಲದಿದ್ದರೆ ಯುರೋಪ್ ನಿಗದಿಪಡಿಸಿದ ಇಂಗಾಲದ ಪ್ರಮಾಣವೇ ಅನ್ವಯ. ಸ್ವಚ್ಛ ಕುಲುಮೆಯ ಉಕ್ಕು ಬಳಸುವವರಿಗೆ ಅದು ನಷ್ಟ. ಸರಳು ಯಾವ ಕುಲುಮೆಯದು, ಟನ್ನಿಗೆ ಎಷ್ಟು ಇಂಗಾಲ ಎಂಬುದನ್ನು ಪೂರೈಕೆದಾರರಿಂದ ಈಗಲೇ ಬರಹದಲ್ಲಿ ಪಡೆಯಿರಿ.